ಗುರುಸಿದ್ದಪ್ಪನ ಸಂಸಾರ

ಕರೆಗಂಟೆ ಬಾರಿಸಿದಾಗ ಶ್ರೀಶನ ತಲೆಯ ಮೇಲೆ ಅರ್ಧ ಡಬ್ಬಿ ಪೌಡರು ಸುರಿದಿತ್ತು. ಕಿವಿಯ ಮೇಲಿನ ಕೂದಲಷ್ಟೇ ನರೆತಂತೆ ಕಾಣಬೇಕಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದವನ ಹಾಗಿದ್ದ.

“ಬಂದ್ರು ಕಣೇ!”

“ನಿಮ್ಮನ್ನ ನೋಡಿ ಅವರು ನಗ್ತಾ ನಗ್ತಾ ವಾಪಸ್ ಹೋದ್ರೆ ನಾವು ಬಚಾವು,” ಎಂದಳು ಕುಮುದಾ, ತುಂಬಿದ ಹೊಟ್ಟೆಯ ಮೇಲೆ ಸೆರಗು ಎಳೆದುಕೊಳ್ಳುತ್ತ.

ಬಾಗಿಲಾಚೆ ನಿಂತಿರುವುದು ಯಾರೆಂಬ ಬಗ್ಗೆ ಅನುಮಾನವಿರಲಿಲ್ಲ. ವಸತಿ ಮಂಡಳಿಯ ಅಧಿಕಾರಿ ಇಂದೋ ನಾಳೆಯೋ ಬರುತ್ತಾರೆಂದು ದಲ್ಲಾಳಿ ಹೃಷಿಕೇಶ ಫೋನ್ ಮಾಡಿ ಎಚ್ಚರಿಸಿದ್ದ. ನಾಗಪುರದ ಅಂಚಿನ ಈ ಫ್ಲ್ಯಾಟನ್ನು ಸರ್ಕಾರ ಅಗ್ಗದ ಬೆಲೆಗೆ ಹಂಚಿತ್ತು. ಯಾರಿಗೆ ಹಂಚಿದೆಯೋ ಅವರೇ ವಾಸವಿರಬೇಕು. ಗಡುವು ಮುಗಿಯುವ ತನಕ ಮಾರುವಂತಿಲ್ಲ, ಬಾಡಿಗೆಗಂತೂ ಕೊಡುವಂತೆಯೇ ಇಲ್ಲ. ಸಿಕ್ಕಿಬಿದ್ದರೆ ಮನೆಗೆ ಬೀಗ.

ಮಾಲೀಕ ಗುರುಸಿದ್ದಪ್ಪ ಯಾವುದೋ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಸುಖವಾಗಿದ್ದ. ಅವನ ಮುಖವನ್ನು ಶ್ರೀಶ ಒಮ್ಮೆಯೂ ಕಂಡಿರಲಿಲ್ಲ. ಎಲ್ಲವೂ ಹೃಷಿಕೇಶನ ಮೂಲಕವೇ ನಡೆಯುತ್ತಿತ್ತು. “ಸಾಹೇಬರು ಕೇಳಿದರೆ ನೀವೇ ಗುರುಸಿದ್ದಪ್ಪ, ನಿಮ್ಮ ಮನೆಯವರೇ ಅವರ ಹೆಂಡತಿ ಗೌರಮ್ಮ. ಆ ದಂಪತಿಯೂ ಕನ್ನಡದವರು, ನೀವೂ ಕನ್ನಡದವರು. ಬರೋಬರ್ ಹೊಂದುತ್ತದೆ,” ಎಂದಿದ್ದ ಹೃಷಿಕೇಶ. ಗುರುಸಿದ್ದಪ್ಪನಿಗೆ ಐವತ್ತು ದಾಟಿದೆ, ಶ್ರೀಶನಿಗೆ ಈಗಷ್ಟೇ ಮೂವತ್ತು ಎಂಬುದು ಅವನಿಗೆ ದೊಡ್ಡ ವಿಷಯವೇ ಆಗಿರಲಿಲ್ಲ.

ಮೊದಲು ಹೆದ್ದಾರಿ ಬದಿಯ ವಾಡಿ ಬಡಾವಣೆಯಲ್ಲಿದ್ದಾಗ ಲಾರಿಗಳ ಹಾರನ್ನಿಗೆ ಕುಮುದಾ ನಿದ್ದೆಗೆಟ್ಟು ಸೊರಗಿದ್ದಳು. ಇಲ್ಲಿಂದ ಅವಳು ತೋರಿಸಿಕೊಳ್ಳುವ ಆಸ್ಪತ್ರೆಯೂ ಹತ್ತಿರ. ಹೆರಿಗೆಯ ಹೊತ್ತಿಗೆ ಮತ್ತೆ ಮನೆ ಹುಡುಕುವುದೆಂದರೆ ಆಗದ ಮಾತು. “ನಾನು ಕಾಲೇಜಲ್ಲಿ ನಾಟಕ ಮಾಡಿದೀನಿ, ಹೆದರಬೇಡ,” ಎಂದು ಶ್ರೀಶ ಹೆಂಡತಿಗೆ ಧೈರ್ಯ ಹೇಳಿದ್ದ. ಆ ನಾಟಕದಲ್ಲಿ ತಾನು ಈಟಿ ಹಿಡಿದು ನಿಂತ ದ್ವಾರಪಾಲಕ, ಒಂದು ಮಾತೂ ಇರಲಿಲ್ಲ ಎಂಬುದನ್ನು ಹೇಳಿರಲಿಲ್ಲ.

ಬಾಗಿಲು ತೆರೆದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು. “ತಪಾಸಣೆ,” ಎಂದ ಆ ಮನುಷ್ಯ ಹಿಂದಿಯಲ್ಲಿ. ಭಾನುವಾರವೂ ಬಿಡದ ಈ ಕರ್ತವ್ಯನಿಷ್ಠೆ ಕಂಡು ಶ್ರೀಶನ ಎದೆ ಇನ್ನಷ್ಟು ಕುಸಿಯಿತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವನು ಬಾಗಿಲ ಹಿಂದಿನ ಸ್ವಿಚ್ಚು ಒತ್ತಿ ದೀಪ ಹಾಕಿದ. ಮಾತೆಲ್ಲ ಹಿಂದಿಯಲ್ಲೇ ನಡೆಯಿತು.

“ಹೆಸರು?”

“ಗುರು... ಗುರುಸಿದ್ದಪ್ಪ.”

ಅಧಿಕಾರಿ ಅವನ ತಲೆಯನ್ನೇ ನೋಡುತ್ತ ನಿಂತ. “ಐವತ್ತು ದಾಟಿದ ಹಾಗೆ ಕಾಣುವುದಿಲ್ಲ.”

“ಯೋಗ ಮಾಡುತ್ತೇನೆ ಸರ್.” ವಿನಯದಿಂದ ತಲೆ ಬಾಗಿಸಿದ. ಪೌಡರು ಅಂಗಿಯ ಮೇಲೆ ಉದುರಿತು.

“ಹೆಂಡತಿ?”

ಕುಮುದಾ ಮುಂದೆ ಬಂದಳು. ಅಧಿಕಾರಿ ಅವಳ ಹೊಟ್ಟೆ ನೋಡಿದ, ಮತ್ತೆ ಶ್ರೀಶನ ಮುಖ ನೋಡಿದ. “ಇವರು ಗೌರಮ್ಮ?”

“ಹೌದು.”

“ಈ ವಯಸ್ಸಿನಲ್ಲಿ?”

“ದೇವರ ದಯೆ,” ಎಂದ ಶ್ರೀಶ, ಗುರುಸಿದ್ದಪ್ಪನ ಪರವಾಗಿ ನಾಚಿಕೊಂಡು.

ಅಧಿಕಾರಿಗೆ ಕೆಮ್ಮು ಹತ್ತಿತು. ನೆಲಕ್ಕೆ ಉಜ್ಜುವ ಅಡುಗೆಮನೆಯ ಬಾಗಿಲನ್ನು ತುಸು ಎತ್ತಿ ತಳ್ಳಿ, ಒಳಗೆ ಹೋಗಿ ತಾನೇ ನೀರು ಬಗ್ಗಿಸಿಕೊಂಡು ಕುಡಿದು ಬಂದ. ಕೆಮ್ಮು ನಿಲ್ಲಲಿಲ್ಲ.

“ಇವನಿಗೆ ಅನುಮಾನ ಬಂದಿದೆ,” ಎಂದ ಶ್ರೀಶ ಅವನೆದುರೇ. ಕನ್ನಡ ಅವನಿಗೆಲ್ಲಿ ತಿಳಿಯಬೇಕು?

“ಬರ್ದೆ ಇರುತ್ತಾ? ನಾವಿಲ್ಲಿ ವೇಷ ಕಟ್ಕೊಂಡು ಒದ್ದಾಡ್ತಿದೀವಿ. ಆ ಜಿಪುಣ ಗುರುಸಿದ್ದಪ್ಪ ಯಾವ ಮೂಲೇಲಿ ಗೊರಕೆ ಹೊಡೀತಿದಾನೋ.”

ಅಧಿಕಾರಿಯ ಕಿವಿ ಕೆಂಪಾಯಿತು. ಕೆಮ್ಮಿ ಕೆಮ್ಮಿ ಇರಬೇಕು. ಅವನು ಮಲಗುವ ಕೋಣೆಯ ಗೋಡೆಯತ್ತ ಕೈ ತೋರಿಸಿದ. “ಇದೇಕೆ ಹೀಗಾಗಿದೆ?”

“ನಮ್ಮ ಯಜಮಾನರನ್ನೇ ಕೇಳಿ,” ಎಂದಳು ಕುಮುದಾ. “ತೇವ, ಬೂಷ್ಟು. ಎಷ್ಟು ಸಲ ಹೇಳಿ ಕಳಿಸಿದರೂ ತಿರುಗಿ ನೋಡುವುದಿಲ್ಲ. ಹುಟ್ಟುವ ಮಗುವನ್ನು ಈ ಗೋಡೆಯ ಪಕ್ಕ ಮಲಗಿಸಲೇ?”

ಗೌರಮ್ಮನಾಗಿ ಶುರು ಮಾಡಿದವಳು ಕೊನೆಯ ಮಾತಿಗೆ ಕುಮುದಾಳೇ ಆಗಿಬಿಟ್ಟಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ಶ್ರೀಶನಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಗುರುಸಿದ್ದಪ್ಪ ಒಳ್ಳೆಯ ಮನುಷ್ಯನಲ್ಲ ಸರ್!” ಎಂದ. ಕುಮುದಾ ಕಣ್ಣರಳಿಸಿದಳು. “ಅಂದರೆ... ನಾನು,” ಎಂದು ಸೇರಿಸಿದ. ಅವನಿಗೆ ಆ ಈಟಿ ಹಿಡಿದ ಪಾತ್ರವೇ ಸರಿಯಿತ್ತು.

ಅಧಿಕಾರಿ ಗೋಡೆಗೆ ಅಂಗೈ ಊರಿದ. ಗಾರೆ ಉದುರಿತು. ಏನೂ ಬರೆದುಕೊಳ್ಳಲಿಲ್ಲ. ಹೊರಗೆ ನಡೆದು ಚಪ್ಪಲಿ ಮೆಟ್ಟಿಕೊಂಡ. ಮುಗಿಯಿತು, ಇನ್ನು ಗಂಟುಮೂಟೆ ಕಟ್ಟುವುದೇ ಎಂದುಕೊಂಡು ಶ್ರೀಶ ಬಾಗಿಲಿಗೆ ಒರಗಿದ. ಅಧಿಕಾರಿ ಮೆಟ್ಟಿಲ ಬಳಿ ನಿಂತು, ಅಕ್ಕಪಕ್ಕದ ಬಾಗಿಲುಗಳನ್ನು ಒಮ್ಮೆ ನೋಡಿ, ದನಿ ತಗ್ಗಿಸಿದ. ಈ ಸಲ ಹಿಂದಿಯಿರಲಿಲ್ಲ.

“ಗ್ವಾಡಿಗೆ ಮೇಸ್ತ್ರಿನ್ನ ಕಳಸ್ತೀನಿ, ತಂಗಿ. ನಾಳೆ ಖರೆ ಸಾಹೇಬ್ರು ಬರ್ತಾರ, ಅದಕ್ಕ ಇವತ್ತು ನಿಮ್ಮನ್ನ ಪರೀಕ್ಷಾ ಮಾಡಾಕ ಬಂದಿದ್ದೆ. ಹಿಂಗ ಮಾತಾಡ್ರಿ, ಆ ಪೌಡರ್ ಮಾತ್ರ ತೊಳಕೊಳ್ರಿ. ಮತ್ತ ಈ ಬಸರಿನ ಸುದ್ದಿ ನಮ್ಮ ಗೌರಮ್ಮನ ಕಿವಿಗೆ ಬೀಳಬಾರ್ದು ನೋಡ್ರಿ. ಬಿತ್ತಂದ್ರ ಆಕಿ ನನ್ನ ಕ್ವಾರ್ಟರ್ಸಿಂದ ಹೊರಗ ಹಾಕ್ತಾಳ, ಆಮ್ಯಾಲ ನನ್ನ ಮನ್ಯಾಗ ನಾನೇ ಬಂದು ಇರಬೇಕಾಗ್ತೈತಿ!”