ಜೇಬು ಬದಲಿಸಿದ ಕೀಲಿ

ಕರೆಂಟು ತೆಗೆದು, ಮೇನ್ ಸ್ವಿಚ್ಚಿಗೆ ಬೀಗ ಜಡಿದರೂ ಲಿಫ್ಟಿನ ತಳದ ಗುಂಡಿಗೆ ಇಳಿಯಬೇಕಾದ ಮೆಕ್ಯಾನಿಕ್‌ನ ಕೈ ನಡುಗುತ್ತಲೇ ಇತ್ತು. ಹೋದ ವರ್ಷ ಅವನು ಕೆಳಗಿದ್ದಾಗ ಯಾರೋ ಸ್ವಿಚ್ ಹಾಕಿ, ಲಿಫ್ಟ್ ಇಳಿದು ಅವನ ಕಾಲು ಮುರಿದಿತ್ತು. ಅಂದಿನಿಂದ ಯಾರನ್ನೂ ನಂಬದೆ, ಮೂರಾಳಿನ ಕೆಲಸವನ್ನು ಒಬ್ಬನೇ ಮೈಮೇಲೆ ಹೇರಿಕೊಂಡು ಸಾಯುತ್ತಿದ್ದ.

"ಭಾವ, ಇವತ್ತು ನಾನು ಇಳೀತೀನಿ," ಎಂದ ಜೊತೆಗೆ ದುಡಿಯುವ ಭಾಮೈದ.

"ನೀನು ಕಡಿದು ಗುಡ್ಡೆ ಹಾಕೋದು ಗೊತ್ತಿಲ್ವಾ? ಸುಮ್ನಿರೋ!"

"ಬೈಯಿರಿ. ಆದ್ರೆ ಈ ನಡುಗೋ ಕೈಯಲ್ಲಿ ನೀವು ಇಳಿದ್ರೆ ಅಕ್ಕ ನನ್ನ ಚರ್ಮ ಸುಲೀತಾಳೆ."

ಕೆಳಗಿಳಿಯುವವನ ಜೇಬಿನಲ್ಲೇ ಬೀಗದ ಕೀಲಿ ಇರಬೇಕೆಂಬುದು ಕಸುಬಿನ ಕಟ್ಟಳೆ. ವರ್ಷದಿಂದ ತನ್ನ ಜೇಬು ಬಿಡದ ಕೀಲಿಯನ್ನು ಮೆಕ್ಯಾನಿಕ್ ಹೊರತೆಗೆದು, ಭಾಮೈದನ ಅಂಗೈಗೆ ಒತ್ತಿ, ಗೋಡೆಗೊರಗಿ ಕಾಲು ಚಾಚಿದ.

ಐದೇ ನಿಮಿಷಕ್ಕೆ ಕೆಳಗಿನಿಂದ ಕೂಗು ಬಂತು: "ಭಾವಾ, ಗೊರಕೆ ಸ್ವಲ್ಪ ಕಡಿಮೆ ಮಾಡಿ, ಗುಂಡಿಯೆಲ್ಲಾ ಅದುರ್ತಿದೆ!"