ಸಪೋಟ ಮರಕ್ಕೆ ಕೊಕ್ಕೆ

ಸಪೋಟ ಮರದ ಕಾಂಡವನ್ನು ಕೊರೆಯುತ್ತಿದ್ದ ಬೈರಿಗೆ ಇದ್ದಕ್ಕಿದ್ದಂತೆ ಸಡಿಲಾಗಿ ಒಳಕ್ಕೆ ನುಗ್ಗಿತು. ತೂತಿನಿಂದ ಕಪ್ಪು ಹುಡಿ ಉದುರಿತು. ಗೆದ್ದಲು ಮರದ ತಿರುಳನ್ನೆಲ್ಲ ತಿಂದುಹಾಕಿತ್ತು. ಉಬಾಲ್ಡೊ ಮೆಲ್ಲಗೆ ಹಿಂತಿರುಗಿ ನೋಡಿದ.

ಹಿತ್ತಿಲಿನ ನೆರಳಲ್ಲಿ ಹೆಂಡತಿ ಫಿದೇಲಿಯಾ ಗಾಲಿಕುರ್ಚಿಯಲ್ಲಿ ಕೂತಿದ್ದಳು. ನಾಲ್ಕು ತಿಂಗಳ ಹಿಂದೆ ಅವಳು ಮಲಗುವ ಜೋಲಿಯ ಹಗ್ಗ ಹರಿದು ಬಿದ್ದು ಅವಳ ಬೆನ್ನುಮೂಳೆ ಮುರಿದಿತ್ತು. ಎಲ್ಲರೂ ಜೋಲಿಯಲ್ಲೇ ಮಲಗುವ ಯುಕಟಾನಿನಲ್ಲಿ ಹುಟ್ಟಿ ಬೆಳೆದವಳಿಗೆ ಮಂಚದ ಮೇಲೆ ನಿದ್ದೆ ಎಲ್ಲಿ ಹತ್ತಬೇಕು? ಮತ್ತೆ ಜೋಲಿಯೇ ಬೇಕೆಂದಿದ್ದಳು. ಈ ಸಲ ಹಗ್ಗ ಬೇಡ, ಮರಕ್ಕೇ ಕಬ್ಬಿಣದ ಕೊಕ್ಕೆ ತಿರುಪಿ ಸರಪಳಿ ಹಾಕುತ್ತೇನೆಂದು ಅವನು ಹೊರಟಿದ್ದ.

“ಯಾಕೆ ನಿಲ್ಲಿಸ್ದೆ?” ಎಂದಳು.

“ಏನಿಲ್ಲ ಕಣೇ, ಮರ ಗಟ್ಟಿಯಾಗಿದೆ.”

“ಸದ್ಯ, ಹಗ್ಗದ ಥರ ಮೋಸ ಮಾಡದಿದ್ರೆ ಸಾಕು. ಪಾಪ, ನಿಂಗಾದ್ರೂ ಹೇಗೆ ಗೊತ್ತಾಗ್ಬೇಕಿತ್ತು?”

ಈ ಮಾತನ್ನು ಅವನು ನಾಲ್ಕು ತಿಂಗಳಿಂದ ಕೇಳುತ್ತಿದ್ದ. ಬೈರಿಗೆಯನ್ನು ಕೆಳಗಿಟ್ಟ.

“ಮರ ಟೊಳ್ಳು, ಫಿದೇ,” ಎಂದ. “ಹಗ್ಗ ಸವೆದಿದ್ದೂ ನಂಗೆ ಗೊತ್ತಿತ್ತು. ಹಿಂದಿನ ದಿನಾನೇ ನೋಡಿದ್ದೆ. ನಾಳೆ ಬದಲಾಯಿಸಿದ್ರಾಯ್ತು ಅಂದ್ಕೊಂಡೆ.”

ಅವನು ಹತ್ತಿರ ಬಂದಾಗ ಫಿದೇಲಿಯಾ ಕೈ ಅಡ್ಡ ಹಿಡಿದು ತಡೆದಳು. ಆಮೇಲೆ, ಕಲ್ಲುನೆಲದಲ್ಲಿ ಗಾಲಿ ಸಿಕ್ಕಿಕೊಳ್ಳುತ್ತಿದ್ದರೂ ಬಿಡದೆ, ತಾನೇ ಕುರ್ಚಿಯನ್ನು ಮನೆಯ ಕಡೆ ತಿರುಗಿಸತೊಡಗಿದಳು.