ಒಂದೇ ಒಂದು ಸ್ಟಾರ್

ಹೋಟೆಲಿನಲ್ಲಿ ನೊಣಗಳಿದ್ದವು, ಗಿರಾಕಿಗಳಿರಲಿಲ್ಲ. ಎದುರಿನ ನಾಗವೇಣಮ್ಮನ ಮೆಸ್ಸಿನ ಮುಂದೆ ಮಾತ್ರ ಜನ ಸಾಲುಗಟ್ಟಿ ನಿಂತಿದ್ದರು. ಆ ಮೆಸ್ಸಿನ ಮೇಲೆ ಆನ್‌ಲೈನಿನಲ್ಲಿ ಕೆಟ್ಟ ರಿವ್ಯೂ ಹಾಕಲು ಗೊತ್ತುಮಾಡಿದ್ದ ಏಜೆಂಟನಿಗೆ ಹೋಟೆಲ್ ಮಾಲೀಕ ಹೇಳಿ ಬರೆಸುತ್ತಿದ್ದ.

“ಬರ್ಕೋ. ಸಾರು ಅಂದ್ರೆ ಬರೀ ಬಿಸಿನೀರು. ಪಲ್ಯದಲ್ಲಿ ಕೂದಲು. ಅನ್ನ ನಾಯೀನೂ ಮೂಸಲ್ಲ.”

“ನೀವು ಅಲ್ಲಿ ಯಾವಾಗ ಊಟ ಮಾಡಿದ್ರಿ ಸಾರ್?”

“ಥೂ. ಆ ಹೆಂಗಸು ಬೇಯಿಸಿದ್ದನ್ನ ನಾನು ಬಾಯಿಗಿಡ್ತೀನಾ? ಸುಮ್ನೆ ಹೇಳಿದ್ದು ಬರಿ. ಐವತ್ತು ಹೆಸರಲ್ಲಿ ಹಾಕು. ಎಲ್ಲದಕ್ಕೂ ಒಂದೇ ಸ್ಟಾರ್.”

ಏಜೆಂಟ್ ಐವತ್ತನ್ನೂ ಹಾಕಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು.

“ಹಸಿವಾಗ್ತಿದೆ ಸಾರ್. ಇಲ್ಲೇ ಒಂದು ಊಟ ಹಾಕಿಸಿ.”

ಮಾಲೀಕ ಅಡುಗೆಮನೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ.

“ಇಲ್ಲಿಂದು ಬೇಡ ಕಣಯ್ಯಾ, ಹೊಟ್ಟೆ ಕೆಡುತ್ತೆ. ನನಗೆ ಮನೆಯಿಂದ ಊಟ ಬಂದಿದೆ, ಅದರಲ್ಲೇ ಇಬ್ಬರೂ ತಿನ್ನೋಣ.”

ಮೇಜಿನ ಕೆಳಗಿನಿಂದ ಸ್ಟೀಲಿನ ಕ್ಯಾರಿಯರ್ ತೆಗೆದು ಏಜೆಂಟನ ಮುಂದಿಟ್ಟ.

ಅದರ ಮುಚ್ಚಳದ ಮೇಲೆ, ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ, ‘ನಾಗವೇಣಮ್ಮ ಮೆಸ್’ ಎಂದು ಹೆಸರು ಕೊರೆದಿತ್ತು.